ಯಾರೂ ಇಳಿಸದ ವಿಮಾನ

ಆಂಟೆನಾ ಒಳಗೆ ಹೋಗಲೊಲ್ಲದು. ಡೆನ್ಜಿಲ್ ಶವಪೆಟ್ಟಿಗೆಯ ಮೇಲೆ ಬಗ್ಗಿ, ಕೋಟಿನ ತೋಳು ಸರಿಸಿಕೊಂಡು, ಸತ್ತವನ ಕೈಯಲ್ಲಿಟ್ಟ, ಮಾದರಿ ವಿಮಾನ ಹಾರಿಸುವ ರೇಡಿಯೋದ ಆ ಉದ್ದನೆಯ ಸರಳನ್ನು ಒತ್ತಿ ಒತ್ತಿ ನೋಡಿದ. ತುದಿಯ ಒಂದು ಗೇಣು ಎಂದೋ ಬಗ್ಗಿಹೋಗಿತ್ತು. ಹಾಗೇ ಬಿಟ್ಟರೆ ಮುಚ್ಚಳ ಕೂರುವುದಿಲ್ಲ.

"ಇಕ್ಕಳ ಇದೆಯಾ ಯಾರ ಹತ್ರನಾದ್ರೂ?"

"ಚರ್ಚಿಗೆ ಯಾರಾದ್ರೂ ಇಕ್ಕಳ ತರ್ತಾರೇನೋ?" ಎಂದ ಹೋಬರ್ಟ್. ಎಂದವನೇ ತನ್ನ ಜೇಬಿನಿಂದ ಇಕ್ಕಳ ತೆಗೆದು ಕೊಟ್ಟ.

ಮಾದರಿ ವಿಮಾನದ ಕ್ಲಬ್ಬಿನವರು ಹದಿನಾಲ್ಕು ಜನ ಬಂದಿದ್ದರು. ಅವರಲ್ಲಿ ಹನ್ನೊಂದು ಜನಕ್ಕೆ ಹಾರಿಸಲು ಕಲಿಸಿದವನು ಪೆಟ್ಟಿಗೆಯಲ್ಲಿ ಮಲಗಿದ್ದ ಲೀಲ್ಯಾಂಡ್ ಕ್ರೌಸ್. ಹನ್ನೊಂದನೆಯವಳು ನಾಡೀನ್, ಶಾಲೆಯ ಬಸ್ಸು ಓಡಿಸುವವಳು. ಅವಳು ಎರಡನೇ ಸಾಲಿನ ಬೆಂಚಿನ ತುದಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಆಂಟೆನಾ ನೆಟ್ಟಗಾಗಿ ಒಳಗೆ ಸರಿಯಿತು. ಡೆನ್ಜಿಲ್‌ಗೆ ಅಷ್ಟಕ್ಕೇ ಸಮಾಧಾನವಿಲ್ಲ, ಕ್ಲಬ್ಬಿನ ಅಧ್ಯಕ್ಷನಲ್ಲವೇ. ಲೀಲ್ಯಾಂಡನ ಹೆಬ್ಬೆರಳನ್ನು ಹಿಡಿದು ರೇಡಿಯೋದ ಮೂಲೆಯಲ್ಲಿದ್ದ ಸ್ಪ್ರಿಂಗಿನ ಗುಂಡಿಯ ಮೇಲೆ ಒತ್ತಿ ಕೂರಿಸಿದ.

"ಹೀಗಿಟ್ರೆ ಪಾಠ ಹೇಳ್ಕೊಡ್ತಿರೋ ಹಾಗೇ ಕಾಣ್ತಾನೆ, ನೋಡು."

ಬೆರಳು ಜಾರಿತು. ಗುಂಡಿ ಟಕ್ಕೆಂದು ಮೇಲೆದ್ದಿತು. ಇನ್ನೊಮ್ಮೆ ಕೂರಿಸಿದ, ಇನ್ನೊಮ್ಮೆ ಜಾರಿತು.

"ಸಾಕು ಬಿಡೋ," ಎಂದ ಹೋಬರ್ಟ್. "ಅವನ್ನ ನೆಮ್ಮದಿಯಾಗಿ ಮಲಗೋಕೆ ಬಿಡು."

ಆ ಗುಂಡಿಯ ಕೆಲಸ ಇಲ್ಲಿ ಎಲ್ಲರಿಗೂ ಗೊತ್ತು. ಗುರುವಿನದೊಂದು ರೇಡಿಯೋ, ಶಿಷ್ಯನದೊಂದು, ನಡುವೆ ಒಂದು ವೈರು. ಗುರು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಶಿಷ್ಯನದು. ಬೆರಳು ಎತ್ತಿದರೆ ಆ ಕ್ಷಣವೇ ಗುರುವಿನದು. ಗೊತ್ತಿದ್ದೂ ಇವರಲ್ಲಿ ಒಬ್ಬನಿಗೂ ಯೋಚನೆ ಅಲ್ಲಿಯವರೆಗೆ ಹೋಗಿರಲಿಲ್ಲ. ಅವನು ಸತ್ತ ಮಂಗಳವಾರದ ರಾತ್ರಿಯಿಂದ ನಾಡೀನ್ ಬೇರೇನನ್ನೂ ಯೋಚಿಸಿರಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಡೆನ್ಜಿಲ್ ಮಾತಿಗೆ ನಿಂತ. ಲೀಲ್ಯಾಂಡ್ ಪಿಸ್ಟನ್ ಉಂಗುರದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಸಾಣೆಯಂತ್ರದ ಮುಂದೆ ನಿಂತವನು, ಒಂದು ದಿನವೂ ತಡವಾಗಿ ಹೋದವನಲ್ಲ, ಎಡಗೈಯ ತೋರುಬೆರಳಿನ ತುದಿಯನ್ನು ಪ್ರೊಪೆಲ್ಲರಿಗೆ ಕೊಟ್ಟರೂ ಮುಂದಿನ ವಾರವೇ ಮೈದಾನಕ್ಕೆ ಬಂದವನು ಎಂದೆಲ್ಲ ಹೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಪ್ರಾಣ ಹೋಗ್ತಿದ್ದಾಗಲೂ ಲೀಲ್ಯಾಂಡ್ ಏನು ಮಾಡಿದ ಗೊತ್ತಾ? ಶಿಷ್ಯೆಯ ವಿಮಾನದ ಎಂಜಿನ್ ನಿಂತಿತ್ತು. ತಾನು ವಹಿಸ್ಕೊಂಡು, ಒಂದು ಗೀರೂ ಬೀಳದ ಹಾಗೆ ಸೋಯಾ ಹೊಲದಲ್ಲಿ ಇಳಿಸಿದ. ಇಳಿಸಿ ಆಮೇಲೆ ಹೋದ."

ಮುಂದಿನ ಸಾಲಿನಲ್ಲಿ ಲೀಲ್ಯಾಂಡನ ಹೆಂಡತಿ ಆರ್ವಿಲಾ ತಲೆಯಾಡಿಸಿದಳು. ನಾಲ್ಕು ದಿನಗಳಲ್ಲಿ ಮೊದಲ ಸಲ ಆಕೆಯ ಮುಖ ಒಂದಿಷ್ಟು ಸಡಿಲವಾಯಿತು. ಅದನ್ನು ನೋಡಿ ನಾಡೀನ್ ಕಣ್ಣು ಕೆಳಗೆ ಹಾಕಿದಳು.

*

ಲೀಲ್ಯಾಂಡ್ ಹಾರಿಸಲು ಕಲಿಸುತ್ತಿದ್ದ ಎನ್ನುವುದಕ್ಕಿಂತ ಎಂಜಿನ್ ನಿಂತರೆ ಏನು ಮಾಡಬೇಕೆಂದು ಕಲಿಸುತ್ತಿದ್ದ ಎನ್ನುವುದೇ ಸರಿ. ತನ್ನ ರೇಡಿಯೋದಲ್ಲಿ ಎಂಜಿನ್ನಿನ ವೇಗದ ಕಡ್ಡಿಯನ್ನು ಯಾವಾಗಲೂ ಎಂಜಿನ್ ಪೂರ್ತಿ ನಿಲ್ಲುವಷ್ಟು ಕೆಳಗೆ ಇಟ್ಟಿರುತ್ತಿದ್ದ. ಶಿಷ್ಯ ಆರಾಮವಾಗಿ ಸುತ್ತು ಹಾಕುತ್ತಿರುವಾಗ ಹೇಳದೆ ಕೇಳದೆ ಬೆರಳು ಎತ್ತುತ್ತಿದ್ದ. ಮೇಲೆ ಎಂಜಿನ್ ಉಸಿರು ಕಟ್ಟಿದಂತೆ ಸುಮ್ಮನಾಗುತ್ತಿತ್ತು. ಮತ್ತೆ ಗುಂಡಿ ಒತ್ತಿ, "ಮುಟ್ಟಬೇಡ ಎಂಜಿನ್ನ. ಸತ್ತಿದೆ ಅದು. ಇಳಿಸು," ಎನ್ನುತ್ತಿದ್ದ.

"ಒಂದು ಮಾತು ಹೇಳಿ ಆಮೇಲೆ ಮಾಡಬಾರದಾ?" ಎಂದು ನಾಡೀನ್ ಒಮ್ಮೆ ರೇಗಿದ್ದಳು.

"ನಿಲ್ಲೋ ಎಂಜಿನ್ ನಿನಗೆ ಹೇಳಿ ನಿಲ್ಲುತ್ತೇನು?"

ಎಂಜಿನ್ ನಿಂತವರು "ಎಂಜಿನ್ ಹೋಯ್ತು" ಎಂದು ಕೂಗಬೇಕು. ಹಾರಿಸುತ್ತಿರುವ ಬೇರೆಯವರು "ಜಾಗ ನಿಂದೇ" ಎಂದು ಉತ್ತರ ಕೊಟ್ಟು ದಾರಿ ಬಿಡಬೇಕು. ಮೈದಾನದಲ್ಲಿ ಇಬ್ಬರೇ ಇದ್ದರೂ ಲೀಲ್ಯಾಂಡ್ ಇದನ್ನು ಬಿಡಗೊಡುತ್ತಿರಲಿಲ್ಲ. ಅವಳು ಬರಿಯ ಆಕಾಶಕ್ಕೆ ಕೂಗಬೇಕು, ಅವನು ಹಿಂದಿನಿಂದ "ಜಾಗ ನಿಂದೇ" ಅನ್ನಬೇಕು. ಗಂಡ ಬಿಟ್ಟುಹೋಗಿ ಆರು ವರ್ಷವಾಗಿದ್ದ ನಾಡೀನ್‌ಗೆ ಆ ಮಾತು ಕೇಳಿದಾಗಲೆಲ್ಲ ಏನೋ ಒಂದು ಹಿತ. ಅದನ್ನು ಅವನೆದುರು ಹೇಳುವಷ್ಟು ಪೆದ್ದಿ ಅವಳಲ್ಲ.

*

ಆ ಮಂಗಳವಾರ ಮಕ್ಕಳನ್ನು ಶಾಲೆಗೆ ಬಿಟ್ಟು, ಒಂಬತ್ತೂವರೆಗೆ ಅವಳು ಮೈದಾನ ತಲುಪಿದಳು. ಲೀಲ್ಯಾಂಡ್ ಆಗಲೇ ಮಡಿಚುವ ಕುರ್ಚಿ ಹಾಕಿ ಕೂತಿದ್ದ. ಮಂಡಿನೋವು ಶುರುವಾದ ಮೇಲೆ ಅವನು ಶಿಷ್ಯರ ಹಿಂದೆ ಕೂತೇ ಪಾಠ ಹೇಳುತ್ತಿದ್ದ.

"ಇವತ್ತು ಸರಿಯಾಗಿ ಹಾರಿಸಿದ್ರೆ ವೈರು ಕಿತ್ತುಬಿಡ್ತೀನಿ," ಎಂದ. "ಒಬ್ಬಳೇ ಹಾರಿಸುವೆಯಂತೆ."

ಎರಡು ಬೇಸಿಗೆ ಅವಳು ಕಾದದ್ದು ಈ ಮಾತಿಗೆ. ವಿಮಾನ ನೆಲ ಬಿಟ್ಟು ಮೇಲೆದ್ದಾಗ ಅವಳ ಕೈ ಬಿಗಿಯಾಯಿತು.

"ಸಡಿಲ ಬಿಡು. ಬಸ್ಸಿನ ಸ್ಟೀರಿಂಗ್ ಅಲ್ಲ ಅದು."

ಅವನು ಆಡಿದ ಕೊನೆಯ ಮಾತು ಅದು. ಎರಡು ಸುತ್ತು ಕಳೆದು ಎಂಜಿನ್ ಸುಮ್ಮನಾಯಿತು. "ಎಂಜಿನ್ ಹೋಯ್ತು" ಎಂದು ಅವಳು ಕೂಗಿದಳು. ಹಿಂದಿನಿಂದ ಉತ್ತರ ಬರಲಿಲ್ಲ. ಮೂಗು ತಗ್ಗಿಸಲು ನೋಡಿದಳು, ವಿಮಾನ ಅವಳ ಮಾತು ಕೇಳಲಿಲ್ಲ. ಎಡಕ್ಕೆ ಎಳೆದಳು, ಅದಕ್ಕೂ ಇಲ್ಲ. ಗುಂಡಿ ಬಿಟ್ಟವನು ಮತ್ತೆ ಒತ್ತಿಲ್ಲ, ಅಂದರೆ ಮುದುಕ ಕಿತ್ತುಕೊಂಡುಬಿಟ್ಟ, ಇವತ್ತೇ, ಇಂಥ ದಿನವೇ. ವಿಮಾನ ತನ್ನ ಪಾಡಿಗೆ ನೇರವಾಗಿ ತೇಲಿ, ಹುಲ್ಲಿನ ಪಟ್ಟಿ ದಾಟಿ, ಒಣಗಿ ನಿಂತಿದ್ದ ಸೋಯಾ ಗಿಡಗಳ ಮೇಲೆ ಮೆತ್ತಗೆ ಕೂತಿತು.

"ಒಂದೇ ಒಂದು ಸಲ ನನ್ನ ಕೈಗೆ ಬಿಟ್ಟಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?" ಎಂದಳು, ತಿರುಗದೆಯೇ.

ವೈರು ಕಿತ್ತು ತನ್ನ ರೇಡಿಯೋವನ್ನು ಅವನ ಕುರ್ಚಿಯ ಪಕ್ಕ ಹುಲ್ಲಿನ ಮೇಲಿಟ್ಟಳು. ಇಡುವಾಗ ಅವನ ಬೂಟು ನೋಡಿದಳು. ಮುಖ ನೋಡಲಿಲ್ಲ. ನೋಡಿದರೆ ಅಳು ಬಂದೀತೆಂದು ನೋಡಲಿಲ್ಲ.

ವಿಮಾನ ಸಿಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಒಂದು ಗೀರೂ ಇರಲಿಲ್ಲ. ಅದನ್ನೆತ್ತಿಕೊಂಡು ವಾಪಸು ಬರಬಹುದಿತ್ತು. ಬರಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ ಅಲ್ಲೇ ಕೂತು, ಚಕ್ರಕ್ಕೆ ಸಿಕ್ಕಿಕೊಂಡ ಒಣಕಾಯಿಗಳನ್ನು ಒಂದೊಂದಾಗಿ ಬಿಡಿಸಿದಳು. ಕಾಯಲಿ ಮುದುಕ, ಅವನಿಗೂ ಗೊತ್ತಾಗಲಿ ಎಂದುಕೊಂಡಳು. ಬಸ್ಸು ಓಡಿಸುವವರ ಕಣ್ಣು ಗಡಿಯಾರ ಬಿಟ್ಟು ಇರುವುದಿಲ್ಲ. ಅವಳು ಕೂತಾಗ ಹತ್ತಕ್ಕೆ ಹತ್ತು ನಿಮಿಷವಿತ್ತು, ಎದ್ದಾಗ ಹತ್ತರ ಮೇಲೆ ಎರಡು ನಿಮಿಷವಾಗಿತ್ತು. ಕುರ್ಚಿಯ ಹತ್ತಿರ ಬಂದು ಅವನ ಮುಖ ನೋಡಿದ ಮೇಲೆಯೇ ಅವಳು ಅವನ ಎದೆ ಒತ್ತಿದ್ದು, ಆಂಬುಲೆನ್ಸಿಗೆ ಕರೆ ಮಾಡಿದ್ದು.

*

ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಹೋಳು, ಅರೆದ ಆಲೂಗಡ್ಡೆಯ ಮೇಲೆ ನೂಡಲ್ಸು, ಹಸಿರು ಜೆಲ್ಲಿ. ಹೋಬರ್ಟ್ ಊರಿನ ಆಂಬುಲೆನ್ಸಿನಲ್ಲಿ ಸ್ವಯಂಸೇವಕ, ಅಂದು ಮೈದಾನಕ್ಕೆ ಬಂದವನೂ ಅವನೇ. ತಟ್ಟೆ ಹಿಡಿದು ಬಂದು ನಾಡೀನಳ ಎದುರಿಗೆ ಕೂತ.

"ಹೃದಯ ನಿಂತ್ಮೇಲೆ ನಾಲ್ಕೈದು ನಿಮಿಷ ಅಷ್ಟೇ ಇರೋದು. ಅಷ್ಟರಲ್ಲಿ ಎದೆ ಒತ್ತಿದ್ರೆ ಎಷ್ಟೋ ಜನ ಎದ್ದು ಕೂತಿದ್ದಾರೆ. ನೀನು ಪಕ್ಕದಲ್ಲೇ ಇದ್ದೆ, ತಕ್ಷಣ ಒತ್ತಿದೆ. ಆದ್ರೂ ಆಗ್ಲಿಲ್ಲ. ಮನಸ್ಸಿಗೆ ಹಚ್ಕೋಬೇಡ."

ನಾಡೀನ್ ತಟ್ಟೆಯನ್ನು ದೂರ ಸರಿಸಿದಳು. ಅವನು ಇನ್ನಷ್ಟು ಮಾಂಸ ಹಾಕಿಸಿಕೊಳ್ಳಲು ಎದ್ದ. ಆ ಕುರ್ಚಿಗೆ ಆರ್ವಿಲಾ ಬಂದು ಕೂತು, ನಾಡೀನಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಮೂವತ್ತು ವರ್ಷ ಅವನ ಮಂಗಳವಾರ ನನಗೆ ಸಿಗಲಿಲ್ಲ," ಎಂದಳು. "ಆ ಮೈದಾನ ಕಂಡ್ರೆ ನನಗೆ ಆಗ್ತಿರಲಿಲ್ಲ. ಈಗ ಅನ್ನಿಸ್ತಿದೆ, ಇಷ್ಟಪಟ್ಟ ಕೆಲಸ ಮಾಡ್ತಾ ಹೋದ. ಪಕ್ಕದಲ್ಲಿ ನೀನಿದ್ದೆ. ಒಂಟಿಯಾಗಿ ಹೋಗಲಿಲ್ಲ. ಹೌದಲ್ಲವೇ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಒಂದೇ ಮಾತು, ಕೇಳುವವರಿಗೂ ಹಿತ, ಹೇಳುವವರಿಗೂ ಹಿತ.

"ಇಲ್ಲ ಆರ್ವಿಲಾ. ನಾನು ಪಕ್ಕದಲ್ಲಿರಲಿಲ್ಲ."

ಎಲ್ಲವನ್ನೂ ಹೇಳಿದಳು. ಗುಂಡಿಯಿಂದ ಅವನ ಬೆರಳು ಜಾರಿ ಎಂಜಿನ್ ನಿಂತದ್ದನ್ನು, ತಾನು ಸಿಟ್ಟಾದದ್ದನ್ನು, ಬೂಟು ನೋಡಿ ಮುಖ ನೋಡದೆ ಹೋದದ್ದನ್ನು, ಹೊಲದಲ್ಲಿ ಬೇಕೆಂದೇ ಕೂತದ್ದನ್ನು.

"ಹಾಗಾದ್ರೆ ವಿಮಾನ ಇಳಿಸಿದ್ದು?"

"ಯಾರೂ ಇಳಿಸಲಿಲ್ಲ. ಗಾಳಿ ಇರಲಿಲ್ಲ, ತಾನಾಗೇ ಇಳೀತು. ಅವರು ಅಷ್ಟು ಹೊತ್ತಿಗಾಗಲೇ..."

"ಎಷ್ಟು ಹೊತ್ತು ಕೂತಿದ್ದೆ?"

"ಹನ್ನೆರಡು ನಿಮಿಷ."

ಆರ್ವಿಲಾ ಕೈ ಬಿಟ್ಟಳು. ಮೇಜಿನ ಮೇಲಿದ್ದ ಕಾಗದದ ಕರವಸ್ತ್ರವನ್ನು ನಾಲ್ಕಾಗಿ ಮಡಿಚಿ, ಮತ್ತೆ ಬಿಡಿಸಿ, ಮತ್ತೆ ಮಡಿಚಿದಳು.

"ನಾಲ್ಕು ದಿನದಿಂದ ಅದೊಂದನ್ನ ಹಿಡ್ಕೊಂಡು ಕೂತಿದ್ದೆ ನಾನು," ಎಂದಳು. "ಅದನ್ನೂ ತಗೊಂಡೆ ನೀನು."

ಆರ್ವಿಲಾ ಎದ್ದು ಕಪ್ಪು ಕೋಟು ಹಾಕಿಕೊಂಡಳು.

"ಗಾಡಿ ತಂದಿದ್ದೀಯಾ? ನಡಿ. ನನಗೆ ಆ ಜಾಗ ನೋಡಬೇಕು."

*

ದಾರಿಯಲ್ಲಿ ಆಕೆ ಕೇಳಿದ್ದು ಒಂದೇ ಪ್ರಶ್ನೆ.

"ಅವನು ಕೈ ಏನಾದ್ರೂ ಎತ್ತಿದ್ದಿದ್ರೆ ಕಾಣ್ತಿತ್ತಾ ನಿನಗೆ?"

"ಬೆನ್ನು ಹಾಕಿ ಕೂತಿದ್ದೆ."

"ಅದಲ್ಲ ನಾನು ಕೇಳಿದ್ದು."

"ಗೊತ್ತಿಲ್ಲ, ಆರ್ವಿಲಾ. ತಿರುಗಿ ನೋಡಿದ್ರೆ ತಾನೇ."

ಮೈದಾನದಲ್ಲಿ ಯಾರೂ ಇರಲಿಲ್ಲ. ಸುತ್ತಲಿನ ಹೊಲಗಳೆಲ್ಲ ಕೊಯ್ಲಾಗಿದ್ದವು. ಇದೊಂದನ್ನು ಮಾತ್ರ, ಲೀಲ್ಯಾಂಡನನ್ನು ಮಣ್ಣು ಮಾಡುವ ದಿನ ಕಳೆಯಲಿ ಎಂದು ರೈತ ಬಿಟ್ಟಿದ್ದ. ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದ ಕುರ್ಚಿಯನ್ನು ತಂದು ನಾಡೀನ್ ಅವನು ಕೂರುತ್ತಿದ್ದ ಕಡೆಯೇ ಹಾಕಿದಳು. ಆರ್ವಿಲಾ ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

"ಹೋಗು," ಎಂದಳು. "ಎಲ್ಲಿ ಕೂತಿದ್ದೆಯೋ ಅಲ್ಲೇ ಕೂತ್ಕೋ. ಅಷ್ಟೇ ಹೊತ್ತು. ಆಮೇಲೆ ಈ ಕಡೆ ನೋಡು."

ನಾಡೀನ್ ನಡೆದಳು. ಎಲೆ ಉದುರಿ ಬರಿ ಕಡ್ಡಿಯಾಗಿ ನಿಂತ ಗಿಡಗಳು ಕಾಲಿಗೆ ತಾಗಿ ಕಾಯಿಗಳು ಚಟಪಟ ಸಿಡಿದವು. ವಿಮಾನ ಕೂತಿದ್ದ ಜಾಗದಲ್ಲಿ ಗಿಡಗಳು ಇನ್ನೂ ಮಲಗಿಯೇ ಇದ್ದವು. ಅಲ್ಲಿ ಬೆನ್ನು ಹಾಕಿ ಕೂತಳು. ಕೈಗೆ ಮಾಡಲು ಏನೂ ಕೆಲಸವಿರಲಿಲ್ಲ. ಗಡಿಯಾರ ನೋಡಿದಳು, ಮೂರು ನಿಮಿಷವಾಗಿತ್ತು. ಮತ್ತೆ ನೋಡಿದಾಗ ಐದು. ಹನ್ನೆರಡು ನಿಮಿಷ ಇಷ್ಟು ಉದ್ದವೆಂದು ಅವಳಿಗೆ ಗೊತ್ತಿರಲಿಲ್ಲ.

ಹೊತ್ತು ಮುಗಿಯಿತು. ಕೂತಲ್ಲೇ ತಿರುಗಿದಳು.

ಗಿಡಗಳ ಸಂದಿನಲ್ಲಿ ಕುರ್ಚಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಪ್ಪು ಕೋಟು ಕಾಣುತ್ತಿತ್ತು, ಮಡಿಲಿನ ಚೀಲದ ಹಿತ್ತಾಳೆಯ ಕೊಂಡಿ ಬಿಸಿಲಿಗೆ ಮಿನುಗುವುದು ಕೂಡ ಕಾಣುತ್ತಿತ್ತು. ಆರ್ವಿಲಾ ಬಲಗೈಯನ್ನು ಮೇಲಕ್ಕೆತ್ತಿದ್ದಳು. ಬೀಸುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಎತ್ತಿ ಹಿಡಿದಿದ್ದಳೋ ಏನೋ, ಸೋತುಹೋದ ಆ ತೋಳಿಗೆ ಎಡಗೈಯನ್ನು ಮೊಣಕೈಯ ಕೆಳಗೆ ಆಸರೆಯಾಗಿ ಕೊಟ್ಟುಕೊಂಡಿದ್ದಳು.