ಪಕ್ಕದ ಸೀಟಿನವಳ ಅಂಕ

ಕಾರು ಓಡಿಸಲು ನನಗೆ ಬರುವುದಿಲ್ಲ. ಆದರೂ ನಮ್ಮ ಕಾರ್ಖಾನೆಯ ಎಲೆಕ್ಟ್ರಿಕ್ ಕಾರುಗಳ ಓಟದ ಬಿರುಸಿಗೆ ಅಂಕ ಕೊಡುವವಳು ನಾನೇ. ಮೊದಲು ಸೀಟು ಹೊಲಿಯುವ ವಿಭಾಗದಲ್ಲಿದ್ದೆ. ಹೊಲಿಗೆ ಒಂದೆಳೆ ಆಚೀಚೆಯಾದರೂ ಒರಗಿ ಕೂತೊಡನೆ ಹೇಳಿಬಿಡುತ್ತಿದ್ದೆ. ಪರೀಕ್ಷಾ ವಿಭಾಗದ ಮುಖ್ಯ ಎಂಜಿನಿಯರ್ ಮೇಡಂಗೆ ಅದು ಹೇಗೋ ತಿಳಿದು, ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿ ತಂದು ಡ್ರೈವರ್ ಪಕ್ಕ ಕೂರಿಸಿದರು. ಏಳು ವರ್ಷವಾಯಿತು. ದೊಡ್ಡ ದೊಡ್ಡ ಓದಿನವರು ನನ್ನ ಬೆನ್ನು ಹೇಳಿದ್ದನ್ನು ಬರೆದುಕೊಳ್ಳುತ್ತಾರೆಂದರೆ ನನಗೆ ಕಡಿಮೆ ಜಂಬವಿರಲಿಲ್ಲ.

ಕಾರಿನಲ್ಲಿ ವೇಗ ಏರಿಸುವ ಮೋಡ್ ಮೂರು. ಕಾಗದದ ಮೇಲೆ ಅವಕ್ಕೆ ಭಾರೀ ಹೆಸರುಗಳಿವೆ. ನಾವು ಹಸು, ಕುದುರೆ, ದೆವ್ವ ಅನ್ನುತ್ತೇವೆ. ಹಸುವಿನಲ್ಲಿ ಪೆಡಲ್ ಒತ್ತಿದರೆ ಕಾರು ಒಂದು ಗಳಿಗೆ ಯೋಚಿಸಿ ಹೊರಡುತ್ತದೆ, ಮಡಿಲಲ್ಲಿ ಮಲಗಿದ ಮಗು ಏಳುವುದಿಲ್ಲ. ಕುದುರೆಯಲ್ಲಿ ಯಾರೋ ಎದೆಗೆ ಅಂಗೈ ಇಟ್ಟು ಸೀಟಿಗೆ ಒತ್ತಿದಂತಾಗುತ್ತದೆ. ದೆವ್ವದ ಮಾತು ಬೇರೆ. ಪೆಟ್ರೋಲ್ ಕಾರಾದರೆ ಮೊದಲು ಗರ್ಜಿಸಿ ಸುದ್ದಿ ಕೊಟ್ಟು ಆಮೇಲೆ ಹೋಗುತ್ತದೆ. ಇದಕ್ಕೆ ಆ ಸೌಜನ್ಯವಿಲ್ಲ. ಕಾಲು ತಗುಲಿತೋ ಇಲ್ಲವೋ, ಹೊಟ್ಟೆ ಹೊರಟ ಜಾಗದಲ್ಲೇ ಉಳಿಯುತ್ತದೆ, ತಲೆ ಹಿಂದಕ್ಕೆ ಅಂಟುತ್ತದೆ, ಕಣ್ಣಂಚಿನ ನೀರು ಕಿವಿಯ ಕಡೆ ಹರಿಯುತ್ತದೆ. ಕಾಲೆತ್ತಿದರೆ ಅಷ್ಟೇ ಬಿರುಸಾಗಿ ಕುತ್ತಿಗೆ ಮುಂದಕ್ಕೆ ಬರುತ್ತದೆ.

ಹೀಗೆಲ್ಲ ಆಗುತ್ತಿತ್ತು ಎನ್ನಬೇಕು. ಎರಡು ವರ್ಷದಿಂದ ನನಗೆ ಏನೂ ಆಗುತ್ತಿಲ್ಲ. ದಿನಕ್ಕೆ ಮೂವತ್ತು ಓಟ ಕೂತು ಕೂತು ಮೈ ಬೇಸತ್ತುಹೋಯಿತು. ಮೈಯ ಸಮತೋಲ ಕಾಯುವ ಒಳಕಿವಿಯಲ್ಲಿ ದೋಷವಿಲ್ಲ, ಆರು ತಿಂಗಳು ಆ ಸೀಟು ಬಿಡಿ ಎಂದರು ವೈದ್ಯರು. ಆರು ತಿಂಗಳು ಯಾರು ನನಗಾಗಿ ಸೀಟು ಖಾಲಿ ಇಟ್ಟುಕೊಂಡು ಕಾಯುತ್ತಾರೆ? ಬಾಯಿಗೆ ಬೀಗ ಹಾಕಿಕೊಂಡೆ. ಅಂದಿನಿಂದ ಅಂಕ ಕೊಡುತ್ತಿದ್ದದ್ದು ಡ್ರೈವರ್ ಮಾಮನ ದವಡೆ ನೋಡಿ. ಎಲ್ಲರಿಗೂ ಅವರು ಮಾಮನೇ, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಓಟ ಬಿರುಸಾದಷ್ಟೂ ಅವರ ದವಡೆ ಬಿಗಿಯುತ್ತಿತ್ತು. ನಾನು ಅದನ್ನೇ ಅಂಕ ಮಾಡಿ ಬರೆಯುತ್ತಿದ್ದೆ.

ಇವತ್ತು ಬೆಳಿಗ್ಗೆ ದೆವ್ವದ ಮೂರು ಹೊಸ ಬಗೆಗಳನ್ನು ನೋಡಬೇಕಿತ್ತು. ಒಂದಕ್ಕಿಂತ ಒಂದು ಜೋರು. ಯಾವುದು ಎಷ್ಟು ಜೋರೆಂದು ಮಾಮನ ಚೀಟಿಯಲ್ಲಿರುತ್ತದೆ, ನನಗೆ ಹೇಳುವುದಿಲ್ಲ. ವೇಗ ಕಾಣದಂತೆ ಪರದೆಗೆ ಕಾಗದ ಅಂಟಿಸಿರುತ್ತಾರೆ. ಮೂರೂ ಓಟ ಮುಗಿಸಿ ಹತ್ತಕ್ಕೆ ಐದು, ಏಳು, ಒಂಬತ್ತು ಎಂದು ಬರೆದೆ. ಮೇಡಂ ಹಿಗ್ಗಿಹೋದರು.

"ನಾವು ಅಂದ್ಕೊಂಡಿದ್ದೇ ಬಂತು ನೋಡಿ ಅಕ್ಕ. ಮೂರನೇದನ್ನೇ ಮಾರಾಟಕ್ಕೆ ಕಳಿಸೋಣ."

ಅವರು ಆಚೆ ಹೋದ ಮೇಲೆ ಕಾರಿಗೆ ಸಾಫ್ಟ್‌ವೇರ್ ತುಂಬುವ ಬೊಕ್ಕತಲೆಯವನು ಬೆವರೊರೆಸಿಕೊಳ್ಳುತ್ತ ಬಂದ. "ತಪ್ಪಾಯ್ತು. ಹೊಸ ಫೈಲ್ ಒಂದೂ ಕಾರಿಗೆ ಹೋಗೇ ಇಲ್ಲ. ಮೂರು ಸಲಾನೂ ಓಡಿದ್ದು ಹಳೇದೇ. ಈಗ ತುಂಬಿದ್ದೀನಿ, ಊಟ ಆದ್ಮೇಲೆ ಇನ್ನೊಂದ್ಸಲ ಓಡಿಸ್ಬಿಡಿ. ಮೇಡಂಗೆ ಹೇಳ್ಬೇಡಿ."

ಮೂರೂ ಒಂದೇ ಆಗಿದ್ದರೆ ಮಾಮನ ದವಡೆ ಬಿಗಿದದ್ದು ಯಾವುದಕ್ಕೆ? ಕ್ಯಾಂಟೀನಿನ ಮೂಲೆಯಲ್ಲಿ ಕೂರಿಸಿಕೊಂಡು ಕೇಳಿದೆ. ಅವರು ಟೀ ಲೋಟ ತಿರುಗಿಸುತ್ತ ಹೇಳಿದರು.

"ಚೀಟೀಲಿ ಜೋರು ಅಂತ ಇತ್ತು. ಹಲ್ಲು ಬಿಗಿಹಿಡಿದೆ. ನಂಗೇನೂ ಗೊತ್ತಾಗಲ್ಲ ಕಣಮ್ಮ, ಮೂರು ವರ್ಷ ಆಯ್ತು. ನೀನು ಇದ್ದೀಯಲ್ಲ, ಸರಿಯಾಗಿ ಹೇಳ್ತೀಯ ಅಂತ ಧೈರ್ಯ."

"ನಾನು ನಿಮ್ಮನ್ನ ನೋಡ್ಕೊಂಡು ಬರೀತಿದ್ದೆ ಮಾಮ."

ಅವರು ನಕ್ಕರು. ನನಗೂ ನಗು ಬಂತು, ಅಳುವುದಕ್ಕೆ ತ್ರಾಣವಿಲ್ಲದಾಗ ಬರುವಂಥದು. ಎರಡು ವರ್ಷ ಇಬ್ಬರು ಮರದ ಬೊಂಬೆಗಳು ಕೂತು ಪಾಸು ಮಾಡಿದ ಕಾರುಗಳು ಊರೆಲ್ಲ ಓಡಾಡುತ್ತಿವೆ. ಅವುಗಳಲ್ಲಿ ಯಾರದೋ ಅಜ್ಜಿ ಕೂತಿರುತ್ತಾರೆ, ಯಾರದೋ ಕುತ್ತಿಗೆ ನೋಯುತ್ತಿರುತ್ತದೆ. ನಾಚಿಕೆಯಿಂದ ಟೀ ಲೋಟ ಅತ್ತ ಸರಿಸಿದೆ.

ಮಧ್ಯಾಹ್ನ ಮಾಮನ ಕಡೆ ನೋಡಬಾರದೆಂದು ಕಣ್ಣು ಮುಚ್ಚಿ ಕೂತೆ. ಒಂದು, ಎರಡು, ಮೂರು. ಬಸ್ಸಿನಲ್ಲಿ ತೂಕಡಿಸಿದ ಹಾಗಿತ್ತು. ಅಂಕದ ಜಾಗದಲ್ಲಿ 'ಗೊತ್ತಾಗಲಿಲ್ಲ' ಎಂದು ಮೂರು ಸಲ ಬರೆದು ಮೇಡಂ ಕೈಗೆ ಕೊಟ್ಟೆ. ಬೆಳಗಿನ ಮೂರೂ ಓಟ ಒಂದೇ ಆಗಿದ್ದವೆಂದೂ, ನನಗೆ ಎರಡು ವರ್ಷದಿಂದ ಯಾವುದೂ ತಿಳಿಯುತ್ತಿಲ್ಲವೆಂದೂ ಹೇಳಿದೆ. ಮಾಮನ ವಿಷಯ ಎತ್ತಲಿಲ್ಲ.

ಮೇಡಂ ಅಂಕದ ಹಾಳೆ ತಿರುವಿ ನೋಡಿದರು. "ತಮಾಷೆ ಮಾಡ್ತಿಲ್ಲ ತಾನೆ?"

"ಇಲ್ಲ. ಮೂರನೇದು ಈಗ ನಿಜವಾಗ್ಲೂ ಒಳಗಿದೆ. ನೀವೇ ಒಂದ್ಸಲ ಕೂತು ನೋಡಿ."

ಏಳು ವರ್ಷದಲ್ಲಿ ಅವರು ಆ ಸೀಟಿನಲ್ಲಿ ಕೂತದ್ದು ನಾನು ಕಂಡಿರಲಿಲ್ಲ. ಬೆಲ್ಟು ಹಾಕಲು ನಾನೇ ನೆರವಾದೆ. ಕಾರು ಸದ್ದಿಲ್ಲದೆ ಚಿಮ್ಮಿತು. ನಾನಿಲ್ಲದೆ ಅದು ಹೋಗುವುದನ್ನು ಹಾದಿಯ ಪಕ್ಕ ನಿಂತು ನೋಡಿದೆ. ತಿರುಗಿ ಬಂದಾಗ ಮೇಡಂ ಮುಖ ಬಿಳಿಚಿಕೊಂಡಿತ್ತು, ಒಂದು ಕೈ ಕತ್ತಿನ ಹಿಂದಿತ್ತು. ಇಳಿದವರು ಬಾಗಿಲು ಹಿಡಿದು ಸುಧಾರಿಸಿಕೊಂಡರು.

"ಮೂರನೇದು ಬೇಡ," ಎಂದರು. ಆಮೇಲೆ ನನ್ನ ಮುಖ ನೋಡದೆ, "ನಾಳೆಯಿಂದ ನೀವೂ ಕೂರೋದು ಬೇಡ ಅಕ್ಕ."

"ಸರಿ ಮೇಡಂ," ಎಂದೆ. ದುಃಖವಾಯಿತು. ಏಳು ವರ್ಷದ ಮರ್ಯಾದೆ, ಇಷ್ಟು ಮೆತ್ತಗಿನ ಮಾತಿಗೆ ಹೋಯಿತು.

ಸ್ಟಿಯರಿಂಗ್ ಹಿಂದೆ ಕೂತಿದ್ದ ಮಾಮ ಇಳಿಯಲು ಬಾಗಿಲು ತೆರೆದರು. ಏನೋ ಹೇಳಲು ಬಾಯಿ ಬಿಟ್ಟದ್ದೂ ಕಂಡಿತು. ನಾನು ಹೋಗಿ ಬಾಗಿಲು ಮೆಲ್ಲಗೆ ಮುಚ್ಚಿದೆ. "ಕೂತ್ಕೊಳ್ಳಿ ಮಾಮ," ಎಂದೆ. "ಹದಿನಾಲ್ಕು ತಿಂಗಳು. ಹೊಸಬರು ಬಂದ್ರೆ ಅವರಿಗೆ ನಿಮ್ಮ ದವಡೆ ತೋರಿಸ್ಬೇಡಿ, ಅಷ್ಟೇ."