ಬಸ್‌ಸ್ಟ್ಯಾಂಡಿನಿಂದ ಹೈಸ್ಕೂಲಿನವರೆಗೆ

ಕೆ.ಆರ್. ಪೇಟೆಯ ಕಿಕ್ಕೇರಿ ರಸ್ತೆಯಲ್ಲಿ ರಂಜಿತಳಿಗೆ ಗೊತ್ತಿಲ್ಲದ ಬಾಗಿಲಿರಲಿಲ್ಲ. ಒಂಬತ್ತು ವರ್ಷದಿಂದ ಸೈಕಲ್ ತುಳಿದುಕೊಂಡು ಟಪಾಲು ಹಂಚುತ್ತಿದ್ದವಳು. ಯಾರ ಮನೆಗೆ ಪಿಂಚಣಿ ಕಾಗದ ಬರುತ್ತದೆ, ಯಾರ ಮನೆಗೆ ಕೋರ್ಟಿನ ನೋಟೀಸು ಬರುತ್ತದೆ, ಯಾವ ಗೇಟಿನ ಹಿಂದೆ ನಾಯಿ ಮಲಗಿರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬಸ್‌ಸ್ಟ್ಯಾಂಡಿನಿಂದ ಹೆಣ್ಣುಮಕ್ಕಳ ಹೈಸ್ಕೂಲಿನವರೆಗಿನ ಒಂದು ಕಿಲೋಮೀಟರಿನಲ್ಲಿ ಫುಟ್‌ಪಾತು ಇದ್ದೂ ಇಲ್ಲದಂತಾಗಿದೆ ಎಂಬುದೂ ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ರಸ್ತೆ ಅಗಲ ಮಾಡಿದಾಗ ಎರಡೂ ಕಡೆ ಕಲ್ಲು ಹಾಸಿದ್ದರು. ವರ್ಷ ತುಂಬುವುದರೊಳಗೆ ಅದರ ಮೇಲೆ ಪಾತ್ರೆ ಅಂಗಡಿಯ ಕೊಪ್ಪರಿಗೆಗಳು ಕೂತವು, ಬೇಕರಿಯ ಗಾಜಿನ ಪೆಟ್ಟಿಗೆ ಬಂತು, ಬೈಕುಗಳು ಸಾಲುಗಟ್ಟಿದವು. ನಡೆಯುವವರು ರಸ್ತೆಗಿಳಿದರು. ರಸ್ತೆಯಲ್ಲೋ ಕಬ್ಬಿನ ಟ್ರಾಕ್ಟರು, ಖಾಸಗಿ ಬಸ್ಸು, ಜಲ್ಲಿ ತುಂಬಿದ ಟಿಪ್ಪರು.

ಹದಿನೈದು ತಿಂಗಳ ಹಿಂದೆ ತುಳಸಮ್ಮನವರಿಗೆ ಪೆಟ್ಟಾಗಿದ್ದು ಹೀಗೆಯೇ. ಅರ್ಧ ಊರಿಗೆ ಅ ಆ ಇ ಈ ತಿದ್ದಿಸಿದ ಹಳೆಯ ಮೇಡಂ ಅವರು. ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟವರು, ಫುಟ್‌ಪಾತಿಗೆ ಅಡ್ಡವಾಗಿ ಪೇರಿಸಿದ್ದ ಪೈಪುಗಳನ್ನು ಬಳಸಿ ಹೋಗಲು ರಸ್ತೆಗಿಳಿದರು. ಹಿಂದಿನಿಂದ ಬಂದ ಪಿಕಪ್ ಗಾಡಿ ತಗುಲಿ ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಗಾಲಿಕುರ್ಚಿಯೇ ಗತಿ.

ಆ ಪೈಪುಗಳು ನಾಗರಾಜು ಅವರ ಅಂಗಡಿಯವು. ನಾಗರಾಜು ಬೇರೆ ಯಾರೂ ಅಲ್ಲ, ರಂಜಿತಳ ಮಾವ.

ಗಾಡಿ ಗುದ್ದಿದ ಕ್ಷಣ ಓಡಿ ಬಂದು ತುಳಸಮ್ಮನವರನ್ನು ಎತ್ತಿ ಆಟೋಗೆ ಹಾಕಿದವರೂ ಅವರೇ. ಆದರೆ ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಪೈಪುಗಳು ಇದ್ದಲ್ಲೇ ಇದ್ದವು.

ರಂಜಿತ ಬಳಗ ಸೇರಿದ್ದು ಅದೇ ತಿಂಗಳು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಶಾಮಣ್ಣ ಕಟ್ಟಿದ್ದ ‘ನಡಿಗೆ ಸೈಕಲ್ ಬಳಗ’ಕ್ಕೆ ಹನ್ನೊಂದು ಜನ ಸದಸ್ಯರು. ಶಾಮಣ್ಣನವರ ಮನೆಯ ಜಗಲಿಯೇ ಆಫೀಸು, ಒಂದು ರಬ್ಬರ್ ಸ್ಟಾಂಪೇ ಆಸ್ತಿ. ಅವರು ಕೇಳುತ್ತಿದ್ದುದು ದೊಡ್ಡದೇನಲ್ಲ. ಫುಟ್‌ಪಾತು ತೆರವಾಗಬೇಕು, ಹೈಸ್ಕೂಲಿನ ಮುಂದೆ ಗಾಡಿಗಳ ವೇಗ ತಗ್ಗಿಸಲು ಹಂಪು ಹಾಕಿ ದಾಟಲು ಬಿಳಿ ಪಟ್ಟೆ ಬಳಿಯಬೇಕು, ರಸ್ತೆಯ ಅಂಚಿನಲ್ಲಿ ಸೈಕಲ್ಲಿಗೆಂದು ಒಂದು ಗೆರೆ ಎಳೆಯಬೇಕು. ನಾಲ್ಕು ಅರ್ಜಿ ಕೊಟ್ಟರು. ನಾಲ್ಕಕ್ಕೂ ಸ್ವೀಕೃತಿಯ ಸೀಲು ಬಿತ್ತು, ಉತ್ತರ ಬರಲಿಲ್ಲ.

ಐದನೆಯ ಸಲ ಶಾಮಣ್ಣ, ರಂಜಿತ ಇಬ್ಬರೂ ರಸ್ತೆಯ ಹೊಣೆ ಹೊತ್ತ ಇಂಜಿನಿಯರ್ ನಾಗಾರ್ಜುನನ ಮುಂದೆಯೇ ಹೋಗಿ ಕೂತರು. ಹೊಸದಾಗಿ ಬಂದಿದ್ದ ಹುಡುಗ, ಒರಟನಲ್ಲ. ಅರ್ಜಿಯನ್ನು ಪೂರ್ತಿ ಓದಿ ಕನ್ನಡಕ ತೆಗೆದ.

“ಸಾರ್, ನಿಜ ಹೇಳಬೇಕು ಅಂದ್ರೆ ಈಗ ನಡೆಯೋರು ಯಾರಿದ್ದಾರೆ? ಪ್ರತಿ ಮನೆಯಲ್ಲೂ ಎರಡು ಬೈಕಿದೆ. ಯಾರಿಗೋಸ್ಕರ ಅಂತ ನಾನು ಮೇಲಿನವರಿಗೆ ಬರೀಲಿ?”

ಶಾಮಣ್ಣ ಉತ್ತರ ಹುಡುಕುವಷ್ಟರಲ್ಲಿ ರಂಜಿತ ಅಂದಳು, “ಎಷ್ಟು ಜನ ಅಂತ ಎಣಿಸಿ ತಂದ್ಕೊಟ್ರೆ ಬರೀತೀರಾ?”

“ಬರೀತೀನಿ,” ಅಂದ ನಾಗಾರ್ಜುನ.

ಎಣಿಸುವುದು ಹೇಗೆ ಎಂದು ಜಗಲಿಯಲ್ಲಿ ಚರ್ಚೆ ಎದ್ದಿತು. ಮೊಬೈಲಿನಲ್ಲಿ ಲೆಕ್ಕ ಇಡೋಣವೆಂದು ಒಬ್ಬರು, ಪುಸ್ತಕದಲ್ಲಿ ಗೀಟು ಹಾಕೋಣವೆಂದು ಇನ್ನೊಬ್ಬರು. ವಿಷಯ ತಿಳಿದ ತುಳಸಮ್ಮ ಹೇಳಿಕಳಿಸಿದರು: “ಸುಮ್ನೆ ಕೂತಿರೋಳು ನಾನು. ನನ್ನ ಮನೆ ರಸ್ತೆಗೇ ಇದೆ. ಒಂದಿಷ್ಟು ಹುಣಸೆಬೀಜ ತಂದ್ಕೊಡಿ, ನಾನೆಣಿಸ್ತೀನಿ.”

ಸೋಮವಾರ ಬೆಳಿಗ್ಗೆ ಆರಕ್ಕೆ ತುಳಸಮ್ಮ ಗಾಲಿಕುರ್ಚಿಯನ್ನು ಬಾಗಿಲಿಗೆ ತರಿಸಿಕೊಂಡು ಕೂತರು. ಮುಂದೆ ಎರಡು ಕೊಡ. ನಡೆದು ಹೋದವರಿಗೆ ದೊಡ್ಡ ಕೊಡಕ್ಕೊಂದು ಬೀಜ, ಸೈಕಲ್ಲಿನವರಿಗೆ ಚಿಕ್ಕ ಕೊಡಕ್ಕೊಂದು. ಹಾಲಿನ ಕ್ಯಾನು ಹಿಡಿದವರು, ಆಸ್ಪತ್ರೆಗೆ ಹೋಗುವ ಬಸುರಿಯರು, ಸಂತೆಗೆ ಸೊಪ್ಪು ಹೊತ್ತವರು, ಕಿಕ್ಕೇರಿ ಬಸ್ಸಿಳಿದು ಬಂದ ಮಕ್ಕಳ ಹಿಂಡು, ಎಲ್ಲರೂ ಕೊಡದೊಳಗೆ ಟಕ್ ಟಕ್ ಎಂದು ಬಿದ್ದರು. ಬಳಗದ ಇನ್ನುಳಿದವರು ರಸ್ತೆಯುದ್ದಕ್ಕೂ ಓಡಾಡಿ, ಜನ ಎಲ್ಲೆಲ್ಲಿ ಫುಟ್‌ಪಾತು ಬಿಟ್ಟು ಕೆಳಗಿಳಿಯುತ್ತಾರೆ ಎಂದು ಬರೆದುಕೊಂಡರು. ರಾತ್ರಿ ಎಂಟಕ್ಕೆ ತುಳಸಮ್ಮನವರ ಬಲಗೈ ಮೇಲೇಳುತ್ತಿರಲಿಲ್ಲ. ಊಟವನ್ನೂ ಎಡಗೈಯಲ್ಲೇ ಮುಗಿಸಿದ್ದರಂತೆ.

ಮರುದಿನ ನೂರು ನೂರರ ಗುಡ್ಡೆ ಮಾಡಿ ಎಣಿಸಿದರು. ನಡೆದವರು ಐದು ಸಾವಿರದ ಎಂಟುನೂರ ನಲವತ್ತಾರು. ಸೈಕಲ್ಲಿನವರು ಸಾವಿರದ ಇನ್ನೂರ ಹನ್ನೆರಡು. ಶಾಮಣ್ಣ ಎರಡು ಸಲ ಕೂಡಿ ನೋಡಿ, “ರಂಜಿತಾ, ಇದು ಊರಲ್ಲಮ್ಮ, ಮೆರವಣಿಗೆ!” ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ನಾಗಾರ್ಜುನ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೇಲಿನವರಿಗೆ ಬರೆದ. ಮೂರು ವಾರದಲ್ಲಿ ಹೈಸ್ಕೂಲಿನ ಮುಂದಿನ ಹಂಪಿಗೂ ಸೈಕಲ್ಲಿನ ಗೆರೆಗೂ ಒಪ್ಪಿಗೆ ಬಂತು. ಆದರೆ ಫುಟ್‌ಪಾತಿನ ವಿಷಯಕ್ಕೆ ಅಂಗಡಿಯವರನ್ನೆಲ್ಲ ಸಮುದಾಯ ಭವನಕ್ಕೆ ಕರೆದ. “ಪೊಲೀಸರನ್ನ ಕರ್ಕೊಂಡ್ಬಂದು ತೆಗೆಸೋದು ಒಂದು ದಿನದ ಕೆಲಸ. ಮಾರನೇ ದಿನಕ್ಕೆ ಎಲ್ಲ ವಾಪಸ್ ಬಂದಿರುತ್ತೆ. ನೀವಾಗೇ ತೆಗೆದ್ರೆ ಮಾತ್ರ ಉಳಿಯುತ್ತೆ,” ಅಂದ.

ಜನ ಎಲ್ಲೆಲ್ಲಿ ರಸ್ತೆಗಿಳಿಯುತ್ತಾರೆ ಎಂಬ ಪಟ್ಟಿಯನ್ನು ಓದುವ ಕೆಲಸ ರಂಜಿತಳದ್ದು. ಓದಲು ಎದ್ದಳಷ್ಟೇ, ಹಿಂದಿನ ಸಾಲಿನಿಂದ ಪಾತ್ರೆ ಅಂಗಡಿ ಮಂಚಯ್ಯನ ದನಿ ಬಂತು.

“ಓದವ್ವಾ ಓದು. ಮೊದಲ್ನೇ ಎಸ್ರು ಯಾರ್ದು ಅಂತ ಗಟ್ಟಿಯಾಗಿ ಓದು. ನಿಮ್ಮಾವಂದಾ, ನಂದಾ?”

ಭವನದಲ್ಲಿ ನಗು ಎದ್ದಿತು. ಹಿಂದೆಯೇ ಇನ್ಯಾರೋ, “ಊರ್ ಗುಡ್ಸೋಕ್ ಬಂದವ್ರೆ, ಮನೆ ಕಸ ಅಲ್ಲೇ ಅದೆ!” ಅಂದರು.

ರಂಜಿತಳ ಕಿವಿ ಬಿಸಿಯಾಯಿತು. ಆದರೂ ಓದಿದಳು. “ಮೊದಲನೆಯದು, ನಾಗರಾಜು ಪೈಪು ಮತ್ತು ಪಂಪ್‌ಸೆಟ್ ಅಂಗಡಿ.” ಒಂದು ಉಸಿರು ಎಳೆದುಕೊಂಡು ಹೇಳಿದಳು, “ಎಂಟು ದಿನ ಟೈಮ್ ಕೊಡಿ. ಅದನ್ನ ತೆಗೆಸದೆ ನಿಮ್ಮ ಯಾರ ಅಂಗಡಿ ಮುಂದೂ ನಾನು ಬರಲ್ಲ.”

ಸಭೆಗೇ ಬಾರದಿದ್ದ ಮಾವನನ್ನು ಒಂದು ಮಾತೂ ಕೇಳದೆ ಕೊಟ್ಟ ಮಾತದು.

ಅವಳು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ನಾಗರಾಜು ಮುದ್ದೆ ಮುರಿಯುತ್ತ ತಲೆಯೆತ್ತಲಿಲ್ಲ. ಗಂಡ ಕುಮಾರ್ ಅಡುಗೆಮನೆಗೆ ಬಂದು ಪಿಸುಗುಟ್ಟಿದ, “ಯಾಕ್ ಬೇಕಿತ್ತು ಇದೆಲ್ಲಾ? ಅಪ್ಪಯ್ಯ ಮೂವತ್ತೆಂಟು ವರ್ಸದಿಂದ ಅಲ್ಲೇ ಇಟ್ಟವ್ರೆ. ಬುಟ್ಬುಡು.” ರಂಜಿತ ಸುಮ್ಮನೆ ಪಾತ್ರೆ ತೊಳೆದಳು.

ಮರುದಿನ ಟಪಾಲು ಹಂಚಿ ಮುಗಿಸಿ, ಮಧ್ಯಾಹ್ನ ನೇರವಾಗಿ ಅಂಗಡಿಗೆ ಹೋದಳು. ಸೈಕಲ್ ನಿಲ್ಲಿಸಲು ಪೈಪಿನ ನಡುವೆ ಜಾಗವಿರಲಿಲ್ಲ. ರಸ್ತೆಯಲ್ಲೇ ನಿಲ್ಲಿಸಿದಳು.

“ಮಾವ, ತಪ್ಪಾಯ್ತು. ನಿಮ್ಮನ್ನ ಕೇಳ್ದೆ ಮಾತ್ ಕೊಟ್ಬುಟ್ಟೆ.”

“ಕೊಟ್ಮೇಲ್ ಇನ್ನೇನ್ ಕೇಳಾದು?” ಅಂದರು ನಾಗರಾಜು. ದನಿ ಏರಿತು. “ಆಚೆ ಇಟ್ರೆ ತಾನೆ ಕಣವ್ವಾ ಮಾಲು ಕಾಣಾದು? ಒಳಗ್ ಇಟ್ರೆ ಯಾವನ್ ಬತ್ತಾನೆ? ನಿಂಗೇನು, ಸೈಕಲ್ ಮೇಲ್ ಸುತ್ಕಂಡ್ ಓಯ್ತೀಯ. ಮೂವತ್ತೆಂಟು ವರ್ಸ ಈ ಗಲ್ಲಾದ ಮುಂದೆ ಕುಂತಿರೋನು ನಾನು.”

ರಂಜಿತ ವಾದಿಸಲಿಲ್ಲ. “ತುಳಸಮ್ಮೋರ್ನ ನೋಡ್ಕಂಡ್ ಬರಾನ, ಬತ್ತೀರಾ ಮಾವ? ಆಸ್ಪತ್ರೆಯಿಂದ ಬಂದ್ಮೇಲೆ ನೀವ್ ನೋಡೇ ಇಲ್ಲ.”

ನಾಗರಾಜು ಒಂದು ಸಲ ತುಳಸಮ್ಮನವರ ಮನೆಯ ಕಡೆ ನೋಡಿದರು. ಆಮೇಲೆ ಗಲ್ಲಾಕ್ಕೆ ಬೀಗ ಹಾಕಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

ತುಳಸಮ್ಮನವರ ಮನೆ ಇನ್ನೂರು ಹೆಜ್ಜೆ ದೂರ. ಅಂಗಡಿಗೂ ಮನೆಗೂ ಸ್ಕೂಟರಿನಲ್ಲೇ ಓಡಾಡುವ ನಾಗರಾಜು ಆ ಇನ್ನೂರು ಹೆಜ್ಜೆಯನ್ನು ನಡೆದು ಎಷ್ಟು ವರ್ಷವಾಗಿತ್ತೋ. ಮೊದಲ ಹೆಜ್ಜೆಗೇ ತಮ್ಮದೇ ಪೈಪುಗಳನ್ನು ಬಳಸಿ ರಸ್ತೆಗಿಳಿಯಬೇಕಾಯಿತು. ಮಂಡಿ ಹಿಡಿದುಕೊಂಡಿದ್ದರಿಂದ ಮತ್ತೆ ಮೇಲೆ ಹತ್ತಲು ಸೊಸೆಯ ಕೈ ಬೇಕಾಯಿತು. ಬೇಕರಿಯ ಮುಂದೆ ಇನ್ನೊಂದು ಸಲ ಇಳಿದರು. ಹಿಂದಿನಿಂದ ಬಸ್ಸಿನ ಹಾರನ್ನು ಕಿವಿ ಕಿತ್ತುಹೋಗುವಂತೆ ಕೂಗಿತು. ರಂಜಿತ ಅವರ ತೋಳು ಹಿಡಿದು ಎಳೆದಳು. ಬಸ್ಸು ಬೀಸಿದ ಗಾಳಿಗೆ ಟವೆಲ್ಲು ಹಾರಿ ಮೋರಿಗೆ ಬಿತ್ತು.

“ಬಡ್ಡೀಮಗ,” ಅಂದರು ನಾಗರಾಜು. ಅವರ ತುಟಿ ಬಿಳಿಚಿಕೊಂಡಿತ್ತು.

ತುಳಸಮ್ಮ ಬಾಗಿಲಲ್ಲೇ ಕೂತಿದ್ದರು. “ಬನ್ನಿ ನಾಗರಾಜಪ್ಪನೋರೇ. ಆವತ್ತು ನನ್ನ ಎತ್ಕೊಂಡು ಹೋದ್ರಲ್ಲ, ಒಂದು ಥ್ಯಾಂಕ್ಸ್ ಹೇಳೋಣ ಅಂದ್ರೆ ನೀವು ಈ ಕಡೆ ತಲೇನೇ ಹಾಕಲಿಲ್ಲ,” ಅಂದರು.

ನಾಗರಾಜು ಕೂರಲಿಲ್ಲ. ಗಾಲಿಕುರ್ಚಿಯನ್ನು ನೋಡಿದರು, ಶಾಲು ಹೊದ್ದ ಕಾಲುಗಳನ್ನು ನೋಡಿದರು. “ಮೇಡಮ್ಮೋರೇ, ನೀವು ರೋಡಿಗ್ ಇಳಿದಿದ್ದು ನನ್ ಪೈಪ್‌ನಿಂದ. ಅದು ನಂಗ್ ಗೊತ್ತು. ಆವತ್ತಿಂದ್ಲೂ ಗೊತ್ತು,” ಅಂದರು. “ಮಕ ತೋರ್ಸಾಕಾಗ್ದೆ ಬರ್ಲಿಲ್ಲ.”

ಪರವಾಗಿಲ್ಲ ಎಂದು ತುಳಸಮ್ಮ ಹೇಳಲಿಲ್ಲ. ಹೇಳಿದ್ದಿಷ್ಟೇ: “ಗೊತ್ತಿದೆ ಅಂತ ನಂಗೂ ಗೊತ್ತಿತ್ತು. ನಿಮ್ಮ ಬಾಯಿಂದ ಕೇಳಬೇಕಿತ್ತು. ಈಗ ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ.”

ಭಾನುವಾರ ಬೆಳಿಗ್ಗೆ ಏಳಕ್ಕೆ ರಂಜಿತ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ನಾಗರಾಜು ಪಂಚೆ ಎತ್ತಿ ಕಟ್ಟಿ, ನಾಲ್ಕು ಹಮಾಲಿಗಳ ಜೊತೆ ತಾವೂ ಪೈಪು ಹೊರುತ್ತಿದ್ದರು. ಕುಮಾರ್ ಒಳಗೆ ಗೋಡೆಗೆ ಕಬ್ಬಿಣದ ಸ್ಟ್ಯಾಂಡು ಕೂರಿಸುತ್ತಿದ್ದ. ಹತ್ತು ಗಂಟೆಗೆ ಜಾಗ ಬರಿದಾಯಿತು. ಎಷ್ಟೋ ವರ್ಷದ ಮೇಲೆ ಆ ಕಲ್ಲುಗಳಿಗೆ ಬಿಸಿಲು ಬಿತ್ತು. ನಾಗರಾಜು ಎರಡು ಕೊಡ ನೀರು ತರಿಸಿ ತಾವೇ ತೊಳೆದರು.

ಇದನ್ನು ಅದೇ ಸಾಲಿನ ಆಚೆಯಿಂದ ನೋಡುತ್ತಿದ್ದ ಬೇಕರಿಯವರು ಮಧ್ಯಾಹ್ನಕ್ಕೆ ಗಾಜಿನ ಪೆಟ್ಟಿಗೆ ಒಳಗೆ ತಳ್ಳಿದರು. ಸೋಮವಾರ ಚಪ್ಪಲಿ ಅಂಗಡಿ, ಮಂಗಳವಾರ ಗೊಬ್ಬರದ ಅಂಗಡಿ. ಬೈಕು ನಿಲ್ಲಿಸಲು ಹಳೆಯ ಟೆಂಟ್ ಸಿನಿಮಾದ ಬಯಲನ್ನು ನಾಗಾರ್ಜುನ ಬಿಡಿಸಿಕೊಟ್ಟ. ಶುಕ್ರವಾರದ ಹೊತ್ತಿಗೆ ಉಳಿದದ್ದು ಮಂಚಯ್ಯನ ಕೊಪ್ಪರಿಗೆಗಳು ಮಾತ್ರ.

ಅವನ ಹತ್ತಿರ ಹೋಗಲು ರಂಜಿತ ಹೊರಟಿದ್ದಳು. ನಾಗರಾಜು ತಡೆದರು. “ನೀನ್ ಇರವ್ವಾ. ಅವನ್ ಬಾಸೆ ನಂಗ್ ಬತ್ತದೆ.” ಹಮಾಲಿಗಳನ್ನು ಹಿಂದೆ ಹಾಕಿಕೊಂಡು ಹೋಗಿ ಅಂಗಡಿಯ ಮುಂದೆ ನಿಂತರು.

“ಏನ್ಲಾ ಮಂಚಾ, ಮೊದಲ್ನೇ ಎಸ್ರು ತೆಗ್ದಾಯ್ತು. ಈಗ ಪಟ್ಟೀಲಿ ಉಳಿದಿರಾದು ನಿಂದೊಂದೇ ಎಸ್ರು ಕಣ್ಲಾ. ಆಳ್ ಕರ್ಕಬಂದಿವ್ನಿ. ಎತ್ತುಸ್ಲಾ, ನೀನೇ ಎತ್ತೀಯಾ?”

“ನಿಂಗ್ ಸೊಸೆ ಎದ್ರಿಕೆ,” ಅಂದ ಮಂಚಯ್ಯ.

“ಊಂ ಕಣ್ಲಾ, ಎದ್ರಿಕೇನೇ. ಅಂಥಾ ಸೊಸೆ ನಿಂಗ್ ಸಿಕ್ಕಿದ್ರೆ ನೀನೂ ಎದರ್ತಿದ್ದೆ,” ಅಂದರು ನಾಗರಾಜು. ಮಂಚಯ್ಯನಿಗೂ ನಗು ತಡೆಯಲಾಗಲಿಲ್ಲ. ಬೈಯುತ್ತಲೇ ಮೊದಲ ಕೊಪ್ಪರಿಗೆಯನ್ನು ತಾನೇ ಉರುಳಿಸಿಕೊಂಡು ಒಳಗೆ ನಡೆದ.

ಆಮೇಲಿನ ಕೆಲಸ ಬೇಗ ಆಯಿತು. ಒಡೆದ ಕಲ್ಲುಗಳು ಬದಲಾದವು. ಫುಟ್‌ಪಾತಿನ ಅಂಚುಗಳನ್ನು ಗಾಲಿಕುರ್ಚಿ ಹತ್ತಿಳಿಯುವ ಹಾಗೆ ಇಳಿಜಾರು ಮಾಡಿದರು. ಹೈಸ್ಕೂಲಿನ ಮುಂದೆ ಅಗಲವಾದ ಹಂಪು, ಅದರ ಮೇಲೆ ದಪ್ಪ ಬಿಳಿ ಪಟ್ಟೆಗಳು. ರಸ್ತೆಯುದ್ದಕ್ಕೂ ಸೈಕಲ್ಲಿನ ಗೆರೆ. ಗೆರೆಯ ನಡುವೆ ಸೈಕಲ್ಲಿನ ಚಿತ್ರಗಳನ್ನು ಶಾಮಣ್ಣ ತಾವೇ ನೆಲಕ್ಕೆ ಬಗ್ಗಿ ಬರೆದರು.

ಉದ್ಘಾಟನೆಗೆ ಟೇಪು, ಕತ್ತರಿ ಯಾವುದೂ ಬೇಡವೆಂದು ಬಳಗ ತೀರ್ಮಾನಿಸಿತ್ತು. ಬುಧವಾರ ಬೆಳಿಗ್ಗೆ ಎಂಟೂವರೆಗೆ ಬಸ್‌ಸ್ಟ್ಯಾಂಡಿನ ಮುಂದೆ ಸೇರಿ ಎಂದಷ್ಟೇ ಊರಿಗೆ ಹೇಳಿದ್ದರು. ಇನ್ನೂರು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು ರಂಜಿತ. ಎಂಟು ಇಪ್ಪತ್ತಕ್ಕೇ ಬಸ್‌ಸ್ಟ್ಯಾಂಡಿನ ಅಂಗಳ ತುಂಬಿತ್ತು. ನೀಲಿ ಸಮವಸ್ತ್ರದ ಹುಡುಗಿಯರು, ಅವರ ಅಮ್ಮಂದಿರು, ಡೈರಿಯವರು, ಸೊಪ್ಪಿನವರು, ಹಮಾಲಿಗಳು, ಏರ್ ಹೊಡೆಸಿ ತಂದ ಹಳೆಯ ಸೈಕಲ್ಲುಗಳು.

ಎಲ್ಲರಿಗಿಂತ ಮುಂದೆ ತುಳಸಮ್ಮ. ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಕುರ್ಚಿ ತಳ್ಳಲು ನಾಗರಾಜು ಕೈ ಹಾಕಿದಾಗ, “ಬೇಡಿ, ನಾನೇ ತಳ್ಕೋತೀನಿ. ದಾರಿ ಸರಿಯಿದೆಯಲ್ಲ,” ಅಂದರು. ಎರಡೂ ಗಾಲಿಗಳನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ನೂಕಿದರು.

ಒಂದು ಕಿಲೋಮೀಟರು. ಎಲ್ಲಿಯೂ ರಸ್ತೆಗಿಳಿಯಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ. ನಾಗರಾಜು ಅವರ ಅಂಗಡಿಯ ಮುಂದೆ ಮಾತ್ರ ತುಳಸಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದರು, ಮತ್ತೆ ಗಾಲಿ ನೂಕಿದರು. ಅಂಗಡಿಯವರು ಹೊರಗೆ ಬಂದು ಚಪ್ಪಾಳೆ ಹೊಡೆದರು. ಹೈಸ್ಕೂಲಿನ ಮುಂದಿನ ಬಿಳಿ ಪಟ್ಟೆಯ ಹತ್ತಿರ ಕಬ್ಬಿನ ಟ್ರಾಕ್ಟರೊಂದು ಬರುತ್ತಿತ್ತು. ಹಂಪು ನೋಡಿ ಡ್ರೈವರು ಬ್ರೇಕು ಒತ್ತಿದ, ಎಂಜಿನ್ನೂ ಆರಿಸಿದ. ತುಳಸಮ್ಮ ಅವನ ಕಡೆ ಕೈಯೆತ್ತಿ ರಸ್ತೆ ದಾಟಿದರು. ಅವರ ಹಿಂದೆ ಇಡೀ ಊರು ದಾಟಿತು. ಜನ ದಾಟಿ ಮುಗಿಯಲು ಆರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಟ್ರಾಕ್ಟರು, ಅದರ ಹಿಂದೆ ಎರಡು ಬಸ್ಸು, ಒಂದು ಟಿಪ್ಪರು ಸುಮ್ಮನೆ ನಿಂತಿದ್ದವು. ಯಾರೂ ಹಾರನ್ನು ಹೊಡೆಯಲಿಲ್ಲ.

ರಂಜಿತ ಸೈಕಲ್ ಹಿಡಿದು ಗೇಟಿನ ಬಳಿ ನಿಂತಿದ್ದಳು. ಎದೆ ತುಂಬಿ ಬಂದಿತ್ತು. ಹುಡುಗಿಯರು “ಅಕ್ಕಾ, ಅಕ್ಕಾ” ಎಂದು ಕೈ ಕುಲುಕಲು ಬಂದರೆ, ಅವಳು ಸೈಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಒಬ್ಬೊಬ್ಬಳ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದಳು.

ಜನ ಕರಗುತ್ತಿದ್ದಾಗ ನಾಗಮಂಗಲದಿಂದ ಬಂದಿದ್ದ ಇಬ್ಬರು ಹೆಂಗಸರು ಅವಳನ್ನು ಹುಡುಕಿಕೊಂಡು ಬಂದರು. ಹೊಣಕೆರೆ ಕಡೆ ಹೋಗುವ ತಮ್ಮ ರಸ್ತೆಯಲ್ಲೂ ಇದೇ ಪಾಡು, ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನಾಗರಾಜು ಮುಂದೆ ಬಂದರು.

“ಅದ್ಕೇನಂತೆ, ನಮ್ ಬಳಗದವ್ರೇ ಬತ್ತೀವಿ ಕಣ್ರವ್ವಾ. ಬರಾ ಭಾನ್ವಾರ ಬಿಡುವಾಗಿದ್ದೀರಾ?”

ರಂಜಿತ ಮಾವನ ಮುಖ ನೋಡಿದಳು. ಅವರು ಇನ್ನೂ ಬಳಗದ ಸದಸ್ಯರಾಗಿರಲಿಲ್ಲ. ಅದನ್ನು ಹೇಳಲು ಹೋಗದೆ ಅವಳು ಟಪಾಲಿನ ಚೀಲವನ್ನು ಹೆಗಲಿಗೇರಿಸಿದಳು. ಹೊತ್ತಾಗಿತ್ತು, ಹಂಚುವ ಕಾಗದ ಬಹಳವಿತ್ತು. ಸೈಕಲ್ ಹತ್ತಿ, ಹೊಸ ಗೆರೆಯೊಳಗೆ ಹೊರಟಳು.