ಫಿಯೆಟ್ಟಿನ ಸ್ಟೇರಿಂಗ್ ಹಿಡಿದ ಮಾಯಾ

ಬೀದರದ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಮಾಯಾ ಭಾಲ್ಕಿಯ ಮನೆಗೆ ಬಂದಾಗ ಗಂಡ ಕೈಲಾಶ ಹಳೆಯ ಫಿಯೆಟ್ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಮಾಯಾ, ಸ್ವಲ್ಪ ಸ್ಟೇರಿಂಗ್ ಹಿಡಿ."

ಅವಳು ಹೆಗಲಿನ ಬ್ಯಾಗನ್ನೂ ಇಳಿಸಿರಲಿಲ್ಲ. "ಈಗೇನ್ರಿ? ರಾತ್ರಿಯಿಡೀ ಕೂತಿಲ್ಲ ನಾ."

"ನಾಳಿ ಔರಾದದಾಗ ಮದುವಿ ಅದ. ಒಬ್ಬನ ಕೈಲೆ ಆಗವಲ್ದು."

ಕೈಲಾಶನ ಅಪ್ಪ ಕೊಂಡಿದ್ದ ಆ ಕಾರು ಈಗ ಮದುಮಕ್ಕಳನ್ನು ಕರೆದೊಯ್ಯಲು ಬಾಡಿಗೆಗೆ ಹೋಗುತ್ತಿತ್ತು. ಈಚೆಗೆ ಸ್ಟೇರಿಂಗ್ ಕಾಲುಸುತ್ತು ತಿರುಗಿದರೂ ಗಾಲಿ ಹೊರಳುತ್ತಿರಲಿಲ್ಲ. ಸಾಯಗಾಂವದಿಂದ ವರನನ್ನು ತರುವಾಗ ಎದುರಿನ ಟ್ರ್ಯಾಕ್ಟರಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತ್ತು. "ಮಾರಿಬಿಡ್ರಿ" ಎಂದ ಮಾಯಾಳೊಂದಿಗೆ ಕೈಲಾಶ ನಾಲ್ಕು ದಿನ ಮಾತು ಬಿಟ್ಟಿದ್ದ. ಬೀದರದ ಮೆಕ್ಯಾನಿಕ್ ಮುಸ್ತಕೀಮ ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿದುಕೊಟ್ಟ. ಸ್ಟೇರಿಂಗ್ ಬಿರುಸಾಯಿತೇ ಹೊರತು ಸಡಿಲು ಹೋಗಲಿಲ್ಲ. ಇವತ್ತು ಫೋನ್ ಮಾಡಿದರೆ ಅವನು ಕಮಲನಗರದಲ್ಲಿ, ನೆಂಟರ ಮನೆಯಲ್ಲಿ. "ಸ್ಕ್ರೂ ಮೊದಲಿನಂಗ ಮಾಡ್ರಿ ಭಾಯಿ. ಒಬ್ರು ಸ್ಟೇರಿಂಗ್ ಅಲ್ಲಾಡಸ್ರಿ, ಒಬ್ರು ತೆಳಗ ಮಲಗಿ ನೋಡ್ರಿ" ಅಂದಿದ್ದ.

ಮಾಯಾ ನಿಟ್ಟುಸಿರುಬಿಟ್ಟು ಹತ್ತಿ ಕೂತಳು. ಸ್ಕ್ರೂವನ್ನು ಆಗಲೇ ಮೊದಲಿನಂತೆ ಮಾಡಿದ್ದ ಕೈಲಾಶ ಕಾರಿನಡಿ ಅಂಗಾತ ಮಲಗಿ, ಅವಳು ಅಲ್ಲಾಡಿಸಿದಂತೆಲ್ಲ ಒಂದೊಂದೇ ಕೀಲನ್ನು ಮುಟ್ಟಿ ನೋಡಿದ. ರಾಡುಗಳು ಸರಿಯಿದ್ದವು. ಕೊನೆಗೆ ಕಂಡಿತು: ಸ್ಟೇರಿಂಗ್ ಬಾಕ್ಸೇ ಗಾಡಿಯ ಚೌಕಟ್ಟಿನ ಮೇಲೆ ಅಲುಗುತ್ತಿತ್ತು. ಅದನ್ನು ಹಿಡಿದ ಬೋಲ್ಟುಗಳು ಸಡಿಲಾಗಿದ್ದವು.

"ಸಿಕ್ತು! ಇನ್ನೊಮ್ಮಿ ಅಲ್ಲಾಡಸು."

ಏನೂ ಅಲುಗಲಿಲ್ಲ. ಮತ್ತೆ ಕೂಗಿದ. ಸಿಟ್ಟಿನಿಂದ ತೆವಳಿ ಹೊರಬಂದು ನೋಡಿದರೆ, ಮಾಯಾ ಸ್ಟೇರಿಂಗಿಗೆ ಹಣೆಯಿಟ್ಟು ನಿದ್ದೆಹೋಗಿದ್ದಳು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಬಾತ ಪಾದಗಳ ಮೇಲೆ ಚಪ್ಪಲಿಯ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಇವಳು ಹೀಗೆ ಎಂದಿನಿಂದ ದಣಿದಿದ್ದಾಳೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಮತ್ತೆ ಕಾರಿನಡಿ ಸರಿದು, ಪಾನಾ ಸಪ್ಪಳ ಮಾಡದಂತೆ ಬೋಲ್ಟುಗಳನ್ನು ಬಿಗಿಯತೊಡಗಿದ. ಬಿಸಿಲೇರಿತು. ಕಣ್ಣಿಗೆ ತುಕ್ಕು ಉದುರಿತು, ತೋಳು ಸೋತಿತು. ಕೆಲಸ ಮುಗಿದರೂ ಏಳಲಾಗದೆ ಅಲ್ಲೇ ಬಿದ್ದುಕೊಂಡ.

ಹಣೆ ಜಾರಿ ಹಾರ್ನ್ ಒತ್ತಿದಾಗ ಮಾಯಾ ಬೆಚ್ಚಿ ಎದ್ದಳು. "ಅಲ್ಲಾಡಸ್ಲೇನ್ರಿ?"

"ಹೂಂ, ಒಮ್ಮಿ."

ಬಾಕ್ಸು ಮಿಸುಕಲಿಲ್ಲ, ಗಾಲಿ ಹೊರಳಿತು. ಬೆರಳಗಲ ಸಡಿಲು ಉಳಿದಿತ್ತು. ಅಷ್ಟು ಹಳೆಯ ಗಾಡಿಗೆ ಅದು ಇದ್ದದ್ದೇ.

"ಯಾಕ ಎಬ್ಬಿಸ್ಲಿಲ್ಲ?"

"ಮಲಗಿದ್ದಿ. ಇರ್ಲಿ ಅಂದೆ."

ಸಂಜೆ ಬಸ್ಸಿಗೆ ಹೊರಟವಳನ್ನು ಕೈಲಾಶ ತಡೆದ. "ಬೀದರಕ್ಕ ನಾ ಬಿಡ್ತೇನಿ."

"ಈ ಗಾಡ್ಯಾಗೇನ್ರಿ?"

ಅಂದರೂ ಹತ್ತಿದಳು. ಊರು ದಾಟುವ ತನಕ ಬಾಗಿಲ ಹಿಡಿಕೆ ಬಿಡಲಿಲ್ಲ. ಆಸ್ಪತ್ರೆಯ ಮುಂದೆ ಇಳಿದು, "ಚಲೋ ಆಗ್ಯದ. ಮನಿಗಿ ಹೋಗಿ ಮಲಗ್ರಿ" ಎಂದಳು.

ಮರುದಿನ ಔರಾದದ ಬುದ್ಧವಿಹಾರದ ಮುಂದೆ ವರನನ್ನು ಇಳಿಸಿದ ಕೈಲಾಶ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿದ. ಒಳಗೆ ಮದುವೆಯ ಬುದ್ಧವಂದನೆ ಶುರುವಾಗುವ ಮೊದಲೇ ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿಬಿಟ್ಟ.